ಶನಿವಾರದ ಪಂಕ್ತಿ

ನಿನ್ನೆ ಸಂಜೆ ಕಾಫಿಪುಡಿ ತರಲೆಂದು ಬೀದಿಯ ಕೊನೆಯ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಆಗತಾನೇ ಬಂದ ಸಾಬೂನಿನ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚುತ್ತಿದ್ದ. ಆಸ್ಪತ್ರೆಯ ವಾಸನೆಯ ಕೆಂಪು ಸಾಬೂನು. ನಿಮಗೂ ಗೊತ್ತಿರುತ್ತದೆ, ಹಾಸ್ಟೆಲ್ಲುಗಳ ನಲ್ಲಿಕಟ್ಟೆಯ ಮೇಲೆ ಅರ್ಧ ಕರಗಿ ಕೂತಿರುತ್ತದಲ್ಲ, ಅದು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಏನು ಕೊಳ್ಳಲು ಬಂದಿದ್ದೆನೆಂಬುದೇ ಮರೆತುಹೋಯಿತು. "ಏನ್ ಕೊಡ್ಲಿ ಅಂಕಲ್?" ಎಂದು ಅವನು ಎರಡು ಸಲ ಕೇಳಿದ. ಮೂರನೆಯ ಸಲ ಕೇಳಿಸಿಕೊಳ್ಳಲು ನಾಚಿಕೆಯಾಗಿ, ಬೇಕಿಲ್ಲದ ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ಮನೆಗೆ ಬಂದೆ.

ಆ ಸಾಬೂನು ಹಚ್ಚಿಕೊಂಡು ನಾನು ಕೆಲವು ತಿಂಗಳ ಕಾಲ, ಶನಿವಾರ ಶನಿವಾರ, ಪರರು ಕಾಯಿಸಿಕೊಟ್ಟ ನೀರಿನಲ್ಲಿ ಸ್ನಾನ ಮಾಡಿದ್ದೇನೆ. ಬೀದಿಯಲ್ಲಿ ಮಲಗುವವರಿಗಾಗಿ ಒಂದು ಚರ್ಚಿನವರು ಕಾಯಿಸುತ್ತಿದ್ದ ನೀರು ಅದು. ಹಾಗೆಂದ ಮಾತ್ರಕ್ಕೆ ನನಗೆ ಮನೆಯಿರಲಿಲ್ಲ ಎಂದುಕೊಳ್ಳಬೇಡಿ. ಬಿಟಿಎಂ ಲೇಔಟಿನಲ್ಲಿ ಮಹಡಿ ಮೇಲೆ ಬಾಡಿಗೆಯ ಮನೆಯಿತ್ತು, ಮನೆಯಲ್ಲಿ ಗೀಸರೂ ಇತ್ತು. ಹೇಗಾಯಿತೆಂದು ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ, ನಾನೂ ನಕ್ಕಿದ್ದೇನೆ.

ಅವ್ವ ತೀರಿಕೊಂಡ ಮೇಲಿನ ಮಾತು. ಅವ್ವ ಎಂದ ಕೂಡಲೇ ನನ್ನ ಕಡೆ ಯಾವುದೆಂದು ನಿಮಗೆ ಅಂದಾಜಾಗಿರಬೇಕು. ಗದಗಿನ ಹತ್ತಿರದ ಊರು. ಜಯನಗರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ, ಅಪ್ಪ ಹೋದ ವರ್ಷ, ಅವ್ವನನ್ನು ಇಲ್ಲಿಗೆ ಕರೆತಂದೆ. ನಾನು ಮದುವೆಯಾಗಲಿಲ್ಲ. ಏಕೆ ಎನ್ನುವುದು ಬೇರೆಯೇ ಪ್ರಬಂಧ. ಓದಲು ನಿಮಗೆ ಪುರುಸೊತ್ತಿರಲಿಕ್ಕಿಲ್ಲ, ಬರೆಯಲು ನನಗೆ ಧೈರ್ಯವಿಲ್ಲ. ಅವ್ವ ಮತ್ತು ನಾನು ಆ ಎರಡು ಕೋಣೆಗಳಲ್ಲಿ ಹೆಚ್ಚು ಮಾತಾಡುತ್ತಿದ್ದೆವೆಂದಲ್ಲ. ಅವಳು ಸೋಸುವ ಅಕ್ಕಿಯ ಸದ್ದು, ನಾನು ಮಗುಚುವ ಪತ್ರಿಕೆಯ ಸದ್ದು, ಅಷ್ಟೆ. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಆಫೀಸಿನಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಿತ್ತು. "ಉಂಡಿ?" ಎನ್ನುತ್ತಿದ್ದಳು. "ಹೂಂ" ಎನ್ನುತ್ತಿದ್ದೆ. ಫೋನು ಕಟ್ಟಾಗುತ್ತಿತ್ತು. ಸಹೋದ್ಯೋಗಿಗಳಿಗೆ ಇದೊಂದು ತಮಾಷೆ. "ನಿಮ್ ಊಟದ ಇನ್ಸ್‌ಪೆಕ್ಟರು" ಎಂದು ಅವ್ವನಿಗೆ ಹೆಸರಿಟ್ಟಿದ್ದರು.

ಅವಳನ್ನು ಊರಿಗೆ ಒಯ್ದು ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿ ಬಂದೆ. ಕಚೇರಿಗೆ ಉದ್ದ ರಜೆ ಹಾಕಿದೆ. ಗಡ್ಡ ಬೆಳೆಯಿತು. ದುಃಖಕ್ಕೆ ಬಿಟ್ಟಿದ್ದಾನೆಂದು ಕೆಳಗಿನ ಮನೆಯ ಓನರು ಲಕ್ಷ್ಮಮ್ಮ ಗೌರವದಿಂದ ನೋಡುತ್ತಿದ್ದರು. ನಿಜವೆಂದರೆ ಕನ್ನಡಿಯ ಮುಂದೆ ನಿಲ್ಲುವುದೇ ಬೇಸರವಾಗಿತ್ತು. ಅಡುಗೆಗೆ ಕುಕ್ಕರು ಇಡುತ್ತಿದ್ದೆ, ಕೂಗಿದ ಮೇಲೆ ಮರೆಯುತ್ತಿದ್ದೆ. ಒಬ್ಬನಿಗೆ ಅಕ್ಕಿ ಎಷ್ಟು ಹಾಕಬೇಕೆಂಬುದು ನನಗೆ ತಿಳಿಯುತ್ತಿರಲಿಲ್ಲ. ಪ್ರತಿ ಸಲವೂ ಇಬ್ಬರಿಗೆ ಆಗುವಷ್ಟು ಆಗುತ್ತಿತ್ತು. ಹಾಗಾಗಿ ಇಡುವುದನ್ನೇ ಬಿಟ್ಟೆ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಹಾಲು ತರಲೆಂದು ಹೊರಟೆ. ನನ್ನ ಅವತಾರ ಹೇಳಿಬಿಡುತ್ತೇನೆ: ಮೊಣಕೈಯಲ್ಲಿ ಹರಿದ ಸ್ವೆಟರು, ಮಾಸಿದ ಲುಂಗಿ, ಕಾಲಲ್ಲಿ ಬೇರೆ ಬೇರೆ ಜೋಡಿಯ ಎರಡು ಹವಾಯಿ ಚಪ್ಪಲಿ. ಅದು ಬೇರೆ ಬೇರೆ ಎಂಬುದು ನನಗೇ ಆಮೇಲೆ ಗೊತ್ತಾದದ್ದು. ಹಿಂದಿನ ದಿನವೆಲ್ಲ ಏನೂ ತಿಂದಿರಲಿಲ್ಲ. ಮಡಿವಾಳದ ಕಡೆಯ ರಸ್ತೆಯಲ್ಲಿ, ಗ್ಯಾರೇಜಿಗೂ ಒಂದು ಪಿಜಿಗೂ ನಡುವೆ ಸಿಕ್ಕಿಕೊಂಡಂತಿರುವ ಚಿಕ್ಕ ಚರ್ಚಿನ ಎದುರು ಬಂದಾಗ ಕಣ್ಣು ಕತ್ತಲಿಟ್ಟಿತು. ಕಾಂಪೌಂಡಿನ ಮೋಟುಗೋಡೆಯ ಮೇಲೆ ಕೆಲವರು ಕುಳಿತಿದ್ದರು. ನಾನೂ ಕುಳಿತೆ. ಅದು ಸಾಲು ಎಂದು ನನಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಸೀರೆಯ ಮೇಲೆ ಏಪ್ರನ್ ಕಟ್ಟಿಕೊಂಡ ಒಬ್ಬ ವಯಸ್ಸಾದ ಹೆಂಗಸು ಬಂದು ನನ್ನ ಕೈಗೆ ಒಂದು ಟವೆಲ್ಲು, ಒಂದು ತುಂಡು ಕೆಂಪು ಸಾಬೂನು ಇಟ್ಟರು. ಅವರೇ ಸ್ಟೆಲ್ಲಾ ಆಂಟಿ, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಶನಿವಾರದ ಈ ಕೆಲಸವೆಲ್ಲ ಅವರದೇ ಉಸ್ತುವಾರಿ ಎಂಬುದು ಆಮೇಲೆ ತಿಳಿಯಿತು.

"ಹೊಸಬನಾ ನೀನು? ತಗೋಪ್ಪ. ಬಿಸಿನೀರಿದೆ, ನಾಚ್ಕೋಬೇಡ."

"ಇಲ್ರೀ, ನಾ…" ಎಂದೆ.

ಅವರು ಬಗ್ಗಿ ನನ್ನ ಮುಖ ನೋಡಿದರು. "ಊಟ ಮಾಡಿ ಎಷ್ಟೊತ್ತಾಯ್ತಪ್ಪ?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ನನಗೆ ಮನೆಯಿದೆ, ಕೆಲಸವಿದೆ ಎಂದು ಹೇಳಲು ತೆರೆದಿದ್ದ ಬಾಯಿ ಹಾಗೇ ಇತ್ತು. ಕಣ್ಣಲ್ಲಿ ನೀರು ಬಂತು. ಸ್ಟೆಲ್ಲಾ ಆಂಟಿ ಇನ್ನೇನೂ ಕೇಳದೆ ತೋಳು ಹಿಡಿದು ಒಳಗೆ ಕರೆದೊಯ್ದರು.

ಚರ್ಚಿನ ಹಿತ್ತಲಲ್ಲಿ ತಗಡು ನಿಲ್ಲಿಸಿ ಬಚ್ಚಲು ಮಾಡಿದ್ದರು. ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಅಂಗಿ ತೆಗೆದಾಗ ಕೊರಳಿನ ಬಟ್ಟೆಯಲ್ಲಿ ಕಟ್ಟಿದ ಲಿಂಗ ಕಂಡಿತು. ಹೊರಗೆ ಕಳಿಸಿಬಿಡುತ್ತಾರೇನೋ ಎಂದು ಒಂದು ಕ್ಷಣ ಹಿಂಜರಿದೆ. ನೀರು ತೋಡಿಕೊಡುತ್ತಿದ್ದ ಮನುಷ್ಯ ಅದನ್ನು ನೋಡಿ, "ಅದನ್ನೇನೂ ತೆಗೀಬೇಡಿ, ನಿಧಾನಕ್ಕೆ ಸ್ನಾನ ಮಾಡಿ" ಎಂದು ಬೆನ್ನು ತಿರುಗಿಸಿ ನಿಂತ. ಸ್ನಾನವಾದ ಮೇಲೆ ಇನ್ನೊಬ್ಬ ಗಡ್ಡ ಬೋಳಿಸಿ, ತಲೆಗೂದಲು ಕತ್ತರಿಸಿ, ಕೈಗನ್ನಡಿ ಹಿಡಿದ. ಅಪ್ಪನ ಮುಖ ಕಂಡಿತು.

ಆಮೇಲೆ ಚರ್ಚಿನ ಹಾಲ್‌ನಲ್ಲಿ ಚಾಪೆ ಹಾಸಿ ಪಂಕ್ತಿ. ಪಾಸ್ಟರು ಬಂದು, "ಕರ್ತನೇ, ಈ ಅನ್ನಕ್ಕಾಗಿ ನಿನಗೆ ಸ್ತೋತ್ರ" ಎಂದು ಚಿಕ್ಕದಾಗಿ ಪ್ರಾರ್ಥನೆ ಮಾಡಿದರು. ಎಲ್ಲರೂ ಕೈಮುಗಿದು ಸಾಂಬಾರಿನ ಬಕೆಟ್ಟನ್ನು ನೋಡುತ್ತಿದ್ದೆವು. ನಾನು ಅಭ್ಯಾಸಬಲದಿಂದ ಮನಸ್ಸಿನಲ್ಲಿ ಶಿವಾ ಎಂದೆ. ತಟ್ಟೆಗೆ ಅನ್ನ ಬಿತ್ತು, ಸಾಂಬಾರು ಬಿತ್ತು, ಅದರ ಮೇಲೆ ಒಂದು ಬೇಯಿಸಿದ ಮೊಟ್ಟೆ ಬಿತ್ತು. ನಾನು ಮೊಟ್ಟೆಯನ್ನೂ ಮೊಟ್ಟೆ ನನ್ನನ್ನೂ ನೋಡುತ್ತಾ ಕುಳಿತೆವು.

"ತಿನ್ನಲ್ವಾ?" ಪಕ್ಕದವನು ಕೇಳಿದ. ಅರವತ್ತು ದಾಟಿದ ಆಳು, ಉದ್ದನೆಯ ತೋಳುಗಳು, ಒಂದು ಕಾಲನ್ನು ಮಡಿಸಲಾಗದೆ ಪಕ್ಕಕ್ಕೆ ಚಾಚಿಕೊಂಡಿದ್ದ.

"ಇಲ್ರೀ. ನಾವು ತತ್ತಿ ತಿನ್ನಂಗಿಲ್ರೀ."

"ತತ್ತಿ!" ಅವನಿಗೆ ನಗು ತಡೆಯಲಾಗಲಿಲ್ಲ. "ಹುಬ್ಳಿಯೋನಾ ನೀನು?"

"ಗದಗ ಕಡೆಯಾಂವ್ರೀ."

"ಎಲ್ಲಾ ಒಂದೇ ಬಿಡು. ಕೊಡಿಲ್ಲಿ ನಿನ್ ತತ್ತೀನ." ಮೊಟ್ಟೆಯನ್ನು ತನ್ನ ತಟ್ಟೆಗೆ ದಾಟಿಸಿಕೊಂಡು, ಪ್ರತಿಯಾಗಿ ತನ್ನ ಹಪ್ಪಳವನ್ನು ನನ್ನ ತಟ್ಟೆಗೆ ಹಾಕಿದ. "ಮುಂದಿನ್ ವಾರಾನೂ ನನ್ ಪಕ್ಕಾನೇ ಕೂತ್ಕೊ. ಗೊತ್ತಾಯ್ತಾ ಹುಬ್ಳಿ?"

ಅವನ ಹೆಸರು ನಂಜಣ್ಣ.

ಮುಂದಿನ ಶನಿವಾರ ಹೋಗಬಾರದೆಂದೇ ಇದ್ದೆ. ಹೋದರೆ ನಿಜ ಹೇಳಿ ಟವೆಲ್ಲಿಗೊಂದು ಧನ್ಯವಾದ ಹೇಳಿ ಬರಬೇಕೆಂದು ಇಸ್ತ್ರಿಯ ಅಂಗಿ ಹಾಕಿಕೊಂಡೆ. ಬಾಗಿಲವರೆಗೆ ಹೋದೆ. ಈ ಅಂಗಿಯಲ್ಲಿ ಹೋದರೆ ಸ್ಟೆಲ್ಲಾ ಆಂಟಿ "ಏನ್ ಬೇಕಿತ್ತು ಸಾರ್?" ಎನ್ನುತ್ತಾರೆ, ಊಟ ಮಾಡಿದೆಯಾ ಎಂದು ಕೇಳುವುದಿಲ್ಲ. ಒಳಗೆ ಬಂದು ಅಂಗಿ ಕಳಚಿ ಸ್ವೆಟರು ಹಾಕಿಕೊಂಡೆ. ನಲವತ್ತು ದಾಟಿದ ಗಂಡಸು ಹರಕು ಬಟ್ಟೆ ಆರಿಸಿ ಆರಿಸಿ ತೊಡುತ್ತಿರುವುದನ್ನು ನೀವು ನೋಡಬೇಕಿತ್ತು. ಈ ಸಲ ಚಪ್ಪಲಿಯನ್ನು ಮಾತ್ರ ಸರಿಯಾದ ಜೋಡಿ ನೋಡಿ ಹಾಕಿಕೊಂಡೆ. ಎಲ್ಲದಕ್ಕೂ ಒಂದು ಮಿತಿಯಿದೆ.

ಹಾಲ್‌ನೊಳಗೆ ಕಾಲಿಟ್ಟೆ. ನಂಜಣ್ಣ ತನ್ನ ಪಕ್ಕದ ಚಾಪೆಯ ಮೇಲೆ ಕೈಚೀಲ ಇಟ್ಟು ಜಾಗ ಹಿಡಿದಿದ್ದ. "ಏ ಹುಬ್ಳಿ, ಬಾ ಇಲ್ಲಿ! ಅಲ್ಲೆಲ್ಲೋಗ್ತೀಯ?" ಎಂದು ಇಡೀ ಹಾಲ್‌ಗೆ ಕೇಳುವಂತೆ ಕೂಗಿದ. ಮೊಟ್ಟೆಗಾಗಿ ಹಿಡಿದ ಜಾಗವೆಂದು ನನಗೂ ಗೊತ್ತು. ಆದರೂ ಈ ಊರಿನಲ್ಲಿ ಬಸ್ಸಿನಲ್ಲಾಗಲಿ, ಆಫೀಸಿನ ಕ್ಯಾಂಟೀನಿನಲ್ಲಾಗಲಿ ನನಗಾಗಿ ಯಾರೂ ಜಾಗ ಹಿಡಿದ ನೆನಪಿರಲಿಲ್ಲ.

ಹೀಗೆ ಶನಿವಾರಗಳು ಶುರುವಾದವು. ರಜೆ ಮುಗಿದು ಆಫೀಸಿಗೆ ಹೋಗತೊಡಗಿದೆ. ಸೋಮವಾರದಿಂದ ಶುಕ್ರವಾರದವರೆಗೆ ಗುಮಾಸ್ತ, ಶನಿವಾರ ಹುಬ್ಳಿ. ಊಟವಾದ ಮೇಲೆ ನಂಜಣ್ಣನೂ ನಾನೂ ನಿಧಾನವಾಗಿ ಮಡಿವಾಳ ಕೆರೆಯ ಕಡೆಗೆ ನಡೆದು ನೆರಳಲ್ಲಿ ಕೂರುತ್ತಿದ್ದೆವು. ಅವನು ಪೆಂಡಾಲಿನ ಕೆಲಸದವನು. ನಂಜನಗೂಡಿನ ಕಡೆಯಿಂದ ಹರೆಯದಲ್ಲೇ ಬಂದು ಜಯನಗರ, ಬನಶಂಕರಿ, ಪದ್ಮನಾಭನಗರದಲ್ಲೆಲ್ಲ ಮದುವೆಗೆ, ನಾಮಕರಣಕ್ಕೆ, ಸತ್ತ ಮನೆಗೆ ಶಾಮಿಯಾನ ಕಟ್ಟಿದವನು. ಒಂದು ಮದುವೆಯ ಮನೆಯ ಮುಂದೆ ಬೊಂಬಿನ ಮೇಲಿನಿಂದ ಬಿದ್ದು ಸೊಂಟ ಮುರಿಯಿತು. ಮಲಗಲು ಬಿಟ್ಟಿದ್ದ ಮಾಲೀಕರ ಗೋಡೌನು ಅಪಾರ್ಟ್‌ಮೆಂಟಾಯಿತು. ಹೆಂಡತಿ ಎಂದೋ ಹೋಗಿದ್ದಳು, ಮಕ್ಕಳಿರಲಿಲ್ಲ.

"ಊರಾಗ ಯಾರೂ ಇಲ್ಲೇನ್ರೀ?" ಎಂದು ಕೇಳಿದ್ದೆ.

"ತಂಗಿ ಅವ್ಳೆ. ವರ್ಸೊರ್ಸಾನೂ ಸೀರೆ ತಗೊಂಡೋಗಿ ಕೊಟ್ಟಿವ್ನಿ. ಈಗ ಮುರುಕು ಸೊಂಟ ತಗೊಂಡೋಗಿ ಕೊಡ್ಲಾ?"

ಅವನು ನನ್ನ ಬಗ್ಗೆ ಕೇಳಿದ್ದಕ್ಕೆ ನಾನು ಒಂದೂ ಸುಳ್ಳು ಹೇಳಲಿಲ್ಲ. ಅದು ನನ್ನ ಜಾಣತನ. ಎಲ್ಲಿ ಮಲಗುತ್ತೀಯ ಎಂದ. ಇಲ್ಲೇ ಹತ್ತಿರ ಎಂದೆ. ತಲೆ ಮೇಲೆ ಏನಾದರೂ ಇದೆಯಾ ಎಂದ, ಐತ್ರೀ ಎಂದೆ. ನಿಂದೇನಾ ಎಂದ, ನಂದಲ್ರೀ, ಬ್ಯಾರೇದವ್ರದು ಎಂದೆ. ಯಾವಾಗ ಬೇಕಾದರೂ ಎಬ್ಬಿಸಿ ಕಳಿಸಬಹುದು ಹಾಗಾದರೆ ಎಂದ. ಬಾಡಿಗೆಯ ಕರಾರು ನೆನಪಾಗಿ, ಹೌದ್ರೀ, ಕಳಸಬಹುದು ಎಂದೆ. ನಂಜಣ್ಣ ಬಹಳ ಹೊತ್ತು ಯೋಚಿಸುತ್ತಾ ಕುಳಿತ. ಆ ಯೋಚನೆ ನನ್ನ ಸಲುವಾಗಿ ಎಂದು ನನಗೆ ಹೊಳೆಯಲಿಲ್ಲ.

ಮಳೆ ಹಿಡಿಯಿತು. ಸಂಜೆಯಾದರೆ ಸಿಲ್ಕ್ ಬೋರ್ಡಿನ ಕಡೆಯಿಂದ ಮೋಡ ಕವಿದು ರಸ್ತೆಗಳೆಲ್ಲ ಹೊಳೆಯಾಗುತ್ತಿದ್ದವು. ಒಂದು ಶನಿವಾರ ಊಟವಾದ ಮೇಲೆ ನಂಜಣ್ಣ ಕೆರೆಯ ಕಡೆ ತಿರುಗಲಿಲ್ಲ. "ಬಾ, ನಿಂಗೊಂದು ತೋರಿಸ್ಬೇಕು" ಎಂದು ಮಾರ್ಕೆಟ್ಟಿನ ಹಿಂದಿನ ಬೀದಿಗೆ ಕರೆದುಕೊಂಡು ಹೋದ. ಬಾಗಿಲು ಮುಚ್ಚಿದ್ದ ಒಂದು ಫರ್ನಿಚರ್ ಅಂಗಡಿಯ ಜಗಲಿ. ಮೇಲೆ ಅಗಲವಾದ ಸಜ್ಜಾ, ಎರಚಲು ಬಡಿಯದ ಜಾಗ. ಗೋಡೆಗೆ ಒತ್ತಿ ಎರಡು ಹಾಸಿಗೆಗಳು: ರಟ್ಟು ಹರಡಿ, ಅದರ ಮೇಲೆ ಶಾಮಿಯಾನದ ದಪ್ಪ ಬಟ್ಟೆ. ಆ ಬಟ್ಟೆಯನ್ನು ನಾನು ಬಲ್ಲೆ. ಕೆಂಪು ಹಳದಿ ಪಟ್ಟೆಯದು, ಅವನ ಕೈಚೀಲದಲ್ಲಿ ಸದಾ ಇರುತ್ತಿತ್ತು. ಗೋಡೌನಿನಿಂದ ಅವನು ತಂದದ್ದು ಅದೊಂದೇ. ಹಾಸಲೂ ಅದೇ, ಹೊದೆಯಲೂ ಅದೇ. ಈಗ ಅದು ಎರಡು ತುಂಡಾಗಿತ್ತು.

"ಎಳನೀರೋನ ಮಚ್ಚಲ್ಲಿ ಕುಯ್ಸ್ದೆ" ಎಂದ. "ನಿಂದು ಒಳಗಡೇದು, ನಂದು ಈಚೆ. ಈ ಜಾಗಕ್ಕೆ ಇನ್ನೊಬ್ಬ ಬಂದಿದ್ದ. ಜಗಳ ಆಡಿ ಕಳ್ಸಿದೀನಿ, ನಮ್ ಹುಡ್ಗ ಬರ್ತಾನೆ ಅಂತ. ಎಬ್ಬಿಸಿ ಕಳಿಸೋ ಕಡೆ ಯಾಕ್ ಬಿದ್ದಿರ್ತೀಯ? ಇವತ್ತಿಂದ ಇಲ್ಲೇ ಮಲ್ಕೊ."

ನಾನು ಬಗ್ಗಿ ಆ ಬಟ್ಟೆಯ ಕುಯ್ದ ಅಂಚನ್ನು ಮುಟ್ಟಿ ನೋಡಿದೆ. ಆ ರಾತ್ರಿ ಅಲ್ಲೇ ಮಲಗಿಬಿಡಲೇ ಎಂದೂ ಅನಿಸಿತು. ಆದರೆ ಮನುಷ್ಯ ತನ್ನ ಇದ್ದೊಂದು ಹೊದಿಕೆಯನ್ನು ಕುಯ್ದಿದ್ದ.

"ನಂಜಣ್ಣ, ನನಗ ಮನಿ ಐತ್ರೀ."

ಅವನು ನಕ್ಕ. "ಇಲ್ ಮಲಗೋರ್ಗೆಲ್ಲ ಐತೆ ಕಣಪ್ಪ ಮನೆ. ಅಗೋ, ಆ ಮೂಲೇಲಿ ಕೂತವ್ನಲ್ಲ, ಅವನ್ಗೆ ಎರಡು ಐತಂತೆ."

"ಹಂಗಲ್ರೀ. ಖರೇನ ಐತಿ. ಬರ್ರೀ, ತೋರಸ್ತೇನಿ."

ತಮಾಷೆಗೆಂದೇ ಹೊರಟ. ದಾರಿಯುದ್ದಕ್ಕೂ, "ಎಷ್ಟ್ ಮಹಡಿ? ಕಾರು ನಿಲ್ಲಿಸೋಕೆ ಜಾಗ ಐತಾ?" ಎಂದು ರೇಗಿಸುತ್ತಿದ್ದ. ನಾನು ಗೇಟು ತೆಗೆದಾಗ ಸುಮ್ಮನಾದ. ವರಾಂಡದಲ್ಲಿ ಕುಳಿತಿದ್ದ ಓನರು ಲಕ್ಷ್ಮಮ್ಮ, "ಯಾರಪ್ಪ ಅದು? ಪ್ಲಂಬರಾ?" ಎಂದರು. ಈ ಬೀದಿಯೆಲ್ಲ ತಮ್ಮ ರಾಗಿ ಹೊಲವಾಗಿದ್ದ ಕಾಲದವರು, ಬಂದವರನ್ನೆಲ್ಲ ವಿಚಾರಿಸುವುದು ಅವರ ಹಕ್ಕು. "ಅಲ್ರೀ, ನಮ್ಮ ದೋಸ್ತ್" ಎಂದೆ. ನಂಜಣ್ಣ ತಲೆ ತಗ್ಗಿಸಿದ. ಸೊಂಟ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ. ನಾನು ಜೇಬಿನಿಂದ ಬೀಗದ ಕೈ ತೆಗೆದು ಬಾಗಿಲು ತೆರೆದು ದೀಪ ಹಾಕಿದೆ.

ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ, ಒಳಗೆ ಬರಲಿಲ್ಲ. ಮಂಚ ನೋಡಿದ, ಫ್ಯಾನು ನೋಡಿದ, ಅಡುಗೆಕಟ್ಟೆಯ ಮೇಲಿನ ಒಲೆ ನೋಡಿದ, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಆಫೀಸಿನ ಅಂಗಿಗಳನ್ನು ನೋಡಿದ.

"ಒಬ್ಬರೇನಾ ಇರೋದು?"

ಗಮನಿಸಿದಿರಾ? ಒಬ್ನೇನಾ ಎನ್ನಲಿಲ್ಲ. ಒಬ್ಬರೇನಾ ಎಂದ.

"ಹೌದ್ರೀ. ಒಳಗ ಬರ್ರೀ ನಂಜಣ್ಣ. ಇಲ್ಲೇ ಮಲಕ್ಕೋರಿ ಇವತ್ತು, ಮಳಿ ಬರೂ ಹಂಗ ಐತಿ."

"ಬ್ಯಾಡಿ ಸಾರ್. ಅಲ್ಲಿ ಜಾಗ ಹಿಡ್ದಿದೀನಿ, ಬಿಟ್ರೆ ಹೊಂಟೋಯ್ತದೆ." ಚಪ್ಪಲಿ ಮೆಟ್ಟಿಕೊಂಡ. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಬೈಯುತ್ತಿದ್ದ, ಬೈದಿದ್ದರೆ ನೀನು ಎನ್ನುತ್ತಿದ್ದ. "ಬರ್ತೀನಿ ಸಾರ್. ಬಟ್ಟೆ ಎರಡನ್ನೂ ಸೇರಿಸಿ ಹೊಲ್ಕೊತೀನಿ. ನೀವೇನ್ ಯೋಚ್ನೆ ಮಾಡ್ಬೇಡಿ."

ಮೆಟ್ಟಿಲಿಳಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಇಳಿಯುವುದು ಅವನಿಗೆ ಹತ್ತುವುದಕ್ಕಿಂತ ಕಷ್ಟ.

ಮುಂದಿನ ಶನಿವಾರ ಹೋದೆ. ನಂಜಣ್ಣನ ಪಕ್ಕದಲ್ಲಿ ಬೇರೊಬ್ಬ ಕುಳಿತಿದ್ದ. ನನ್ನನ್ನು ಕಂಡು ನಂಜಣ್ಣ ಆ ಮನುಷ್ಯನನ್ನು ಆಚೆ ಸರಿಸಿ, "ಕೂತ್ಕೊಳಿ ಸಾರ್" ಎಂದ. ಸಾಲಿನ ಉಳಿದವರು ಊಟ ಬಿಟ್ಟು ನನ್ನನ್ನು ನೋಡಿದರು. ನಾನು ಮೊಟ್ಟೆಯನ್ನು ಅವನ ತಟ್ಟೆಗೆ ಹಾಕಹೋದರೆ ಕೈ ಅಡ್ಡ ಹಿಡಿದ. "ಬ್ಯಾಡ ಸಾರ್, ಹೊಟ್ಟೆ ತುಂಬ್ತು." ಅವನು ಊಟಕ್ಕೆ ಇನ್ನೂ ಕೈಯಿಟ್ಟಿರಲಿಲ್ಲ. ಆ ಮೊಟ್ಟೆ ನನ್ನ ತಟ್ಟೆಯ ಅಂಚಿನಲ್ಲಿ ಕೊನೆಯವರೆಗೂ ಇತ್ತು.

ಅಂದೇ ಸ್ಟೆಲ್ಲಾ ಆಂಟಿಗೆ ಎಲ್ಲ ಹೇಳಿದೆ. ಅವರು ಕೆನ್ನೆಗೆ ಕೈಯಿಟ್ಟುಕೊಂಡರು. "ಅಯ್ಯೋ ದೇವ್ರೇ! ನಾನೇ ಅಲ್ವಾ ಟವೆಲ್ ಕೊಟ್ಟಿದ್ದು? ಏನ್ ಸಾರ್ ನೀವು, ಒಂದ್ ಮಾತು ಹೇಳ್ಬಾರ್ದಾ?" ಅವರ ಬಾಯಿಂದಲೂ 'ನೀನು' ಹೋಯಿತು. ಆಮೇಲೆ, ಹಳೆಯ ಟೀಚರಲ್ಲವೇ, ಮುಜುಗರ ಮುಗಿಸಿ ಕೆಲಸ ಹಚ್ಚಿದರು. "ಹೋಗ್ಲಿ ಬಿಡಿ. ಹಂಡೆ ಹತ್ರ ಜನ ಇಲ್ಲ. ಬರ್ತೀರಾ?"

ಬಂದೆ. ಹೀಗೆ ನಾನು ಟವೆಲ್ಲಿನ ಆ ಬದಿಯಿಂದ ಈ ಬದಿಗೆ ದಾಟಿದೆ. ಸೌದೆ ತಳ್ಳುವುದು, ನೀರು ತೋಡುವುದು, ತಗಡಿನ ಮರೆಯಾಚೆ ಕಾಯುವುದು. ಪುಣ್ಯದ ಕೆಲಸವೆಂದು ಆಫೀಸಿನಲ್ಲಿ ಹೊಗಳಿದರು. ನಿಮ್ಮೊಂದಿಗೆ ಹೇಳಿಕೊಳ್ಳಬಹುದಾದರೆ ಹೇಳುತ್ತೇನೆ, ಆ ದಿನಗಳಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ. ಬಡಿಸಿದವರೆಲ್ಲ ಕೊನೆಗೆ ಪಾಸ್ಟರ ಕೋಣೆಯಲ್ಲಿ ಊಟಕ್ಕೆ ಕೂರುತ್ತಿದ್ದೆವು. ಒಳ್ಳೆಯ ಜನ. ಆದರೆ ಅವರ ಮಾತು ಹಾಡಿನ ತಂಡದ್ದು, ಅವರವರ ಮಕ್ಕಳ ಮದುವೆಯದು; ಅಲ್ಲಿ ನಾನು ಲಿಂಗ ಕಟ್ಟಿದ ಅತಿಥಿ. ಗೋಡೆಯಾಚೆ ಪಂಕ್ತಿಯಲ್ಲಿ ನಗು ಕೇಳಿಸುತ್ತಿತ್ತು. ಯಾವ ನಗು ನಂಜಣ್ಣನದೆಂದು ನನಗೆ ಗೊತ್ತಾಗುತ್ತಿತ್ತು. ಸ್ನಾನಕ್ಕೆ ಬಂದಾಗ ಅವನು, "ನಮಸ್ಕಾರ ಸಾರ್" ಎನ್ನುತ್ತಿದ್ದ. ನಾನು ಬಿಸಿ ಹದ ನೋಡಿ ಕೊಡುತ್ತಿದ್ದೆ. ಅಷ್ಟೆ ನಮ್ಮ ವ್ಯವಹಾರ.

ಒಂದು ಶನಿವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ನಾನು ಹಂಡೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಮಾರ್ಕೆಟ್ಟಿನ ಹಿಂದಿನ ಬೀದಿಗೆ ಹೋದೆ. ಫರ್ನಿಚರ್ ಅಂಗಡಿಯ ಶಟರು ತೆರೆದಿತ್ತು. ಯಾರೋ ಹೊಸಬರು ಬೇಕರಿ ಇಡಲು ಬಣ್ಣ ಬಳಿಸುತ್ತಿದ್ದರು. ಜಗಲಿಯವರು ಎಲ್ಲಿ ಹೋದರೆಂದು ಕೇಳಿದರೆ ಪೇಂಟರು ಭುಜ ಕುಣಿಸಿದ. ಎರಡು ಮನೆಯಿದೆ ಎನ್ನುತ್ತಿದ್ದನಲ್ಲ, ಆ ಮನುಷ್ಯನೇ ಕೊನೆಗೆ ಸಿಕ್ಕಿ ಹೇಳಿದ: "ನಂಜಣ್ಣನಾ? ಕೆರೆ ಕಡೆ ಬಸ್ ಸ್ಟಾಪಲ್ಲಿ ಬಿದ್ದವ್ನೆ ನೋಡಿ, ಜ್ವರ."

ಬಸ್ ಸ್ಟಾಪಿನ ಬೆಂಚಿನ ಹಿಂದೆ ಮುದುಡಿ ಮಲಗಿದ್ದ. ಎರಡು ತುಂಡು ಸೇರಿಸಿ ಹೊಲಿದ ಬಟ್ಟೆ ಒದ್ದೆಯಾಗಿ ಮೈಗೆ ಅಂಟಿತ್ತು. ಮುಟ್ಟಿದರೆ ಕೆಂಡ. "ನಂಜಣ್ಣ" ಎಂದೆ. ಕಣ್ಣು ತೆರೆದು ನೋಡಿದ, ಗುರುತು ಹತ್ತಿತೋ ಇಲ್ಲವೋ. ಸ್ಟೆಲ್ಲಾ ಆಂಟಿಗೆ ಫೋನು ಮಾಡಿದೆ. ಏಪ್ರನ್ನಿನಲ್ಲೇ ಆಟೋ ಹತ್ತಿ ಬಂದರು. ಇಬ್ಬರೂ ಸೇರಿ ಅವನನ್ನು ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ಹೆಗಲ ಮೇಲಿತ್ತು, ಸ್ಟೆಲ್ಲಾ ಆಂಟಿಯ ತುಟಿ ಪ್ರಾರ್ಥನೆಯಲ್ಲಿ ಆಡುತ್ತಿತ್ತು. ಆ ದಿನ ನಾನೂ ಯಾವ ದೇವರೆಂದು ನೋಡದೆ ಬೇಡಿಕೊಂಡೆ.

ಉಳಿದ. ಶ್ವಾಸಕೋಶಕ್ಕೆ ಇಳಿದಿದ್ದ ಜ್ವರ ಮೆಲ್ಲಗೆ ಬಿಟ್ಟಿತು. ಆಸ್ಪತ್ರೆಯಿಂದ ಎಲ್ಲಿಗೆ ಎಂಬ ಮಾತು ಬಂದಾಗ ನಾನು, "ನಮ್ಮ ಮನಿಗೆ" ಎಂದೆ. ನಂಜಣ್ಣ ಸ್ಟೆಲ್ಲಾ ಆಂಟಿಯ ಕಡೆ ನೋಡಿ ತಲೆಯಾಡಿಸಿದ. "ಬ್ಯಾಡ ಮೇಡಂ. ಸಾರು ಒಳ್ಳೇವ್ರು. ಒಬ್ಬರ ಮನೇಲಿ ನೆಂಟನಂಗೆ ಎಷ್ಟ್ ದಿನ ಕೂರೋದು? ಆ ಮೆಟ್ಲೂ ನನ್ ಕೈಲಿ ಆಗಲ್ಲ." ಬನಶಂಕರಿ ದಾಟಿ ಕನಕಪುರ ರಸ್ತೆಯಲ್ಲಿ ಹೋದರೆ ಸಿಸ್ಟರುಗಳು ನಡೆಸುವ ಒಂದು ಆಶ್ರಮವಿದೆ, ಯಾರೂ ಇಲ್ಲದ ಮುದುಕರಿಗೆ. ಸ್ಟೆಲ್ಲಾ ಆಂಟಿ ಓಡಾಡಿ ಅಲ್ಲೊಂದು ಮಂಚ ಕೊಡಿಸಿದರು.

ಭಾನುವಾರ ಹೊರಗಿನವರು ನೋಡಬಹುದು. ಮೊದಲ ಸಲ ಹೋದಾಗ ಬಾಗಿಲಲ್ಲಿದ್ದ ಸಿಸ್ಟರು, "ನೀವು ಇವರಿಗೆ ಏನಾಗ್ಬೇಕು?" ಎಂದು ಕೇಳಿದರು. ನಾನು ತಡವರಿಸುವಷ್ಟರಲ್ಲಿ ನಂಜಣ್ಣ ಮಂಚದಿಂದಲೇ, "ಯಾರೂ ಅಲ್ಲ ಸಿಸ್ಟರ್! ಚರ್ಚ್‌ನವರು" ಎಂದ. ಸರಿಯಾಗಿಯೇ ಹೇಳಿದ್ದ. ನೆಂಟರಿದ್ದಾರೆಂದಾದರೆ ಮಂಚ ಉಳಿಯುವುದಿಲ್ಲ. ಆದರೂ ತಂದಿದ್ದ ಬಾಳೆಹಣ್ಣನ್ನು ಅವನ ಕೈಗೆ ಕೊಡದೆ ಮಂಚದ ಪಕ್ಕದಲ್ಲಿಟ್ಟೆ.

ಅಲ್ಲಿ ನಮಗೆ ಆಡಲು ಮಾತಿರಲಿಲ್ಲ. ಊಟ ಚೆನ್ನಾಗಿದೆಯಾ ಎಂದರೆ ಚೆನ್ನಾಗಿದೆ ಸಾರ್ ಎನ್ನುತ್ತಿದ್ದ. ನೋವು ಎಂದರೆ ಕಮ್ಮಿ ಸಾರ್ ಎನ್ನುತ್ತಿದ್ದ. ಆಮೇಲೆ ಇಬ್ಬರೂ ಕಿಟಕಿಯಾಚೆಯ ನುಗ್ಗೆಮರ ನೋಡುತ್ತಿದ್ದೆವು. ಹಾಗಾಗಿ ನಾನು ಮಧ್ಯಾಹ್ನದ ಊಟದ ಗಂಟೆಗೆ ತುಸು ಮುಂಚೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಗಂಟೆ ಹೊಡೆದರೆ ಹೊರಗಿನವರು ಏಳಲೇಬೇಕು. ಹೋದಂತೆಯೂ ಆಗಬೇಕು, ಬೇಗ ಮುಗಿಯಲೂ ಬೇಕು, ಗುಮಾಸ್ತನ ಬುದ್ಧಿ.

ಹೋದ ಭಾನುವಾರವೂ ಹಾಗೇ ಹೋಗಿ ಕುಳಿತಿದ್ದೆ. ನಂಜಣ್ಣ ನುಗ್ಗೆಮರ ನೋಡುತ್ತಲೇ ಹೇಳಿದ:

"ಸಾರ್, ಒಂದ್ ಮಾತ್ ಕೇಳ್ತೀನಿ. ಬೇಜಾರ್ ಮಾಡ್ಕೋಬೇಡಿ."

"ಕೇಳ್ರೀ."

"ಮನೆ ಇತ್ತು, ಕೆಲ್ಸ ಇತ್ತು. ಒಲೆ ಇತ್ತು. ನಾನೇ ನೋಡ್ದೆ. ಆದ್ರೂ ಯಾಕ್ ಬರ್ತಿದ್ರಿ ನಮ್ ಸಾಲಿಗೆ?"

ಅಣಕವಿರಲಿಲ್ಲ, ದೂರಿರಲಿಲ್ಲ. ಇಷ್ಟು ದಿನ ಯೋಚಿಸಿಯೂ ತಿಳಿಯದೆ ಕೇಳಿದ್ದ. ನಾನು ಅವ್ವನಿಂದ ಶುರು ಮಾಡಿದೆ. ಅವಳ ಹೆಸರು ಗಂಗವ್ವ ಎಂದು ಹೇಳಿದೆ. ಬಾಯಿಬಿಟ್ಟು ಆ ಹೆಸರು ಹೇಳಿ ಎಷ್ಟು ಕಾಲವಾಗಿತ್ತು. ಅವಳು ರೊಟ್ಟಿ ಬಡಿಯುವಾಗ ಕೆಳಗಿನ ಮನೆಯ ಲಕ್ಷ್ಮಮ್ಮ ಯಾರೋ ಬಾಗಿಲು ತಟ್ಟುತ್ತಿದ್ದಾರೆಂದು ಎದ್ದು ಬರುತ್ತಿದ್ದದ್ದು, ಕೊನೆಗೆ ಆಸ್ಪತ್ರೆಯಲ್ಲಿ ಮೂಗಿನಲ್ಲಿ ನಳಿಗೆ ಇದ್ದಾಗಲೂ ನನ್ನ ಕಡೆ ನೋಡಿ ಕೈಯನ್ನು ಬಾಯಿಗೆ ಒಯ್ದು ತೋರಿಸಿದ್ದು. ಊರಿನಿಂದ ಹಿಂತಿರುಗಿ ಬೀಗ ತೆಗೆದಾಗ ಮನೆಯೊಳಗಿದ್ದ ನಿಶ್ಶಬ್ದ. ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರೂ ಕೇಳಿರಲಿಲ್ಲ. ನಂಜಣ್ಣ ಒಳ್ಳೆಯ ಕಾಲನ್ನು ಮಡಿಸಿ, ಕೆಟ್ಟ ಕಾಲನ್ನು ಚಾಚಿ, ನನ್ನ ಕಡೆಗೇ ತಿರುಗಿ ಕುಳಿತಿದ್ದ. ಮಾತು ಅರ್ಧವಾಗುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಸಿಸ್ಟರು ಬಂದು ಬಾಗಿಲಲ್ಲಿ ನಿಂತರು.

ನಾನು ಎದ್ದೆ. ನಂಜಣ್ಣ ನನ್ನ ಮಣಿಕಟ್ಟು ಹಿಡಿದ.

"ಅರ್ಧಕ್ಕೇ ಬಿಟ್ಟು ಹೋಗ್ತಿದೀರಿ. ಮುಂದಿನ್ ವಾರ ಬೇಗ ಬನ್ನಿ ಸಾರ್. ಬಾಗ್ಲು ತೆಗೆಯೋ ಹೊತ್ಗೇ ಬನ್ನಿ."

ಇಂದು ಭಾನುವಾರ. ಬನಶಂಕರಿಯ ಬಸ್ ನಿಲ್ದಾಣದಲ್ಲಿ ಕುಳಿತಿದ್ದೇನೆ. ಅಂಗಡಿಗಳವರು ಇನ್ನೂ ನೀರು ಚಿಮುಕಿಸುತ್ತಿದ್ದಾರೆ, ಹೂವಿನವರು ಗಂಟು ಬಿಚ್ಚುತ್ತಿದ್ದಾರೆ. ಕನಕಪುರ ರಸ್ತೆಯ ಮೊದಲ ಬಸ್ಸು ತಪ್ಪಿಸಿಕೊಳ್ಳಬಾರದೆಂದು ಅದು ಬರುವುದಕ್ಕೆ ಬಹಳ ಮುಂಚೆಯೇ ಬಂದುಬಿಟ್ಟಿದ್ದೇನೆ.